ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುನ್ನ ಏನೇನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು

ತೊಳೆದು, ಪಾಲಿಶ್ ಹಾಕಿ, ಟೈರಿಗೆ ಕರಿ ಬಳಿದು ನಿಲ್ಲಿಸಿದ ಕಾರು ಯಾರ ಕಣ್ಣಿಗಾದರೂ ಚೆಂದವೇ. ಮಾರುವವರು ಚೊಕ್ಕಟ ಮಾಡಿ ತೋರಿಸುವುದರಲ್ಲಿ ತಪ್ಪೇನಿಲ್ಲ. ಕೊಳ್ಳುವವರು ಮಾತ್ರ ಆ ಚೊಕ್ಕಟದ ಕೈ ತಲುಪದ ಜಾಗಗಳನ್ನು ನೋಡಬೇಕು: ಬಾಗಿಲಿನ ರಬ್ಬರ್ ಬೀಡಿಂಗ್‌ನ ಒಳಗೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿ, ಸೀಟಿನಡಿಯ ಬೋಲ್ಟುಗಳಲ್ಲಿ, ಸೀಟ್ ಬೆಲ್ಟ್‌ನ ಕೊನೆಯ ಒಂದಡಿಯಲ್ಲಿ. ಕಾರಿನ ವಯಸ್ಸು, ಓಡಿದ ದೂರ, ತಿಂದ ಪೆಟ್ಟು ಹತ್ತಾರು ಕಡೆ ಗುರುತು ಬಿಟ್ಟಿರುತ್ತವೆ. ಆ ಗುರುತುಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದೇ ಪರೀಕ್ಷೆಯ ತಿರುಳು. ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರಬೇಡಿ. ಎರಡು ಮೂರು ಗುರುತುಗಳು ಒಂದೇ ಮಾತು ಹೇಳಿದರೆ ಆಗ ನಂಬಿ.

ಇದಕ್ಕೆಲ್ಲ ಒಂದೂವರೆ ಗಂಟೆ ಹಿಡಿಯುತ್ತದೆ. ಅಷ್ಟು ಸಮಯ ಕೊಡಲು ಒಪ್ಪದವರ ಕಾರನ್ನು ಬಿಟ್ಟುಬಿಡಿ.

ಹೋಗುವ ಮುನ್ನ

ನೋಡಲು ಹಗಲು ಹೊತ್ತು, ಒಣ ದಿನ ಆರಿಸಿಕೊಳ್ಳಿ. ನೀರು ಬಿದ್ದ ಬಾಡಿಯ ಮೇಲೆ ಪೇಂಟಿನ ವ್ಯತ್ಯಾಸ ಕಾಣುವುದಿಲ್ಲ, ಟ್ಯೂಬ್‌ಲೈಟಿನ ಬೆಳಕಲ್ಲೂ ಕಾಣುವುದಿಲ್ಲ. ಜೊತೆಗೆ ಒಂದು ಟಾರ್ಚ್, ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ, ನಾಲ್ಕು ಟಿಶ್ಯೂ, ಮಲ್ಟಿಮೀಟರ್, ಕೆಳಗೆ ಮಲಗಿ ನೋಡಲು ಒಂದು ಹಳೆಯ ಚಾಪೆ ಒಯ್ಯಿರಿ. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ, ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಓಬಿಡಿ ರೀಡರ್ ಇದ್ದರೆ ಅರ್ಧ ಕೆಲಸ ಹಗುರಾಗುತ್ತದೆ.

ಒಂದು ಮಾತನ್ನು ಮುಂಚೆಯೇ ಹೇಳಿಡಿ: ನಾವು ಬರುವ ತನಕ ಕಾರು ಸ್ಟಾರ್ಟ್ ಮಾಡಬೇಡಿ. ರಾತ್ರಿಯಿಡೀ ನಿಂತ ಎಂಜಿನ್ ಮೊದಲ ಸಲ ಸ್ಟಾರ್ಟ್ ಆಗುವಾಗ ಆಡುವ ಮಾತು ಬಿಸಿಯಾದ ಮೇಲೆ ಆಡುವುದಿಲ್ಲ. ಸವೆದ ವಾಲ್ವ್ ಸೀಲ್‌ನ ಹೊಗೆ, ಸಡಿಲಾದ ಟೈಮಿಂಗ್ ಚೈನಿನ ಗಲಗಲ ಸದ್ದು, ಸೋತ ಬ್ಯಾಟರಿ, ಡೀಸೆಲ್ ಕಾರಿನ ಕೆಟ್ಟ ಗ್ಲೋ ಪ್ಲಗ್ (ಸ್ಟಾರ್ಟ್ ಆಗಲು ಎಂಜಿನ್ ಒಳಗನ್ನು ಕಾಯಿಸುವ ಕಡ್ಡಿ), ಇವೆಲ್ಲ ತಣ್ಣಗಿನ ಸ್ಟಾರ್ಟ್‌ನಲ್ಲೇ ಸಿಕ್ಕಿಬೀಳುವುದು. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಕಾರಣ ಕೇಳಿ, ಇನ್ನೊಂದು ಬೆಳಿಗ್ಗೆ ಬನ್ನಿ.

ಮೊದಲು ಚಾಸಿ ನಂಬರ್

ಬಾಡಿ ನೋಡಲು ಕೈ ಹಾಕುವ ಮೊದಲೇ ನಂಬರ್ ತಾಳೆ ನೋಡಿ. ನಂಬರ್ ಸರಿಯಿಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಈಗಿನ ಕಾರುಗಳ ಚಾಸಿ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕೆಗಳಿರುತ್ತವೆ. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲಿ ಎಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಅವು ಕಂಡರೆ ನಂಬರೇ ಖೋಟಾ ಎಂದು ತಿಳಿಯಿರಿ. ಬಾಡಿಯ ಲೋಹದ ಮೇಲೆ ಕೊರೆದದ್ದು, ಬಾಗಿಲಿನ ಕಂಬದ ಮೇಲಿನ ಅಥವಾ ಎಂಜಿನ್ ಕೋಣೆಯ ಪ್ಲೇಟ್, ಹಲವು ಕಾರುಗಳಲ್ಲಿ ಮುಂದಿನ ಗಾಜಿನ ಕೆಳಮೂಲೆ, ಕೊನೆಗೆ ನೋಂದಣಿ ಪತ್ರ, ಈ ಎಲ್ಲ ಕಡೆಯೂ ಒಂದೇ ನಂಬರ್ ಇರಬೇಕು. ಕೊರೆದ ಜಾಗದ ಸುತ್ತ ಉಜ್ಜಿದ ಗೀರು, ಹೊಸ ಪೇಂಟ್, ವೆಲ್ಡಿಂಗ್ ಕಲೆ ಕಂಡರೆ ಅಲ್ಲಿಂದಲೇ ಹಿಂತಿರುಗಿ. ಎಂಜಿನ್ ನಂಬರನ್ನೂ ಪತ್ರದ ಜೊತೆ ಹೋಲಿಸಿ. ಎಂಜಿನ್ ಬದಲಾಗಿದ್ದರೆ ಅದು ಪತ್ರದಲ್ಲಿ ದಾಖಲಾಗಿರಬೇಕು.

ಪೆಟ್ಟು ತಿಂದ ಕಾರನ್ನು ಗುರುತಿಸುವುದು

ಸಣ್ಣಪುಟ್ಟ ಡೆಂಟ್, ಬಂಪರ್ ಗೀರು ಯಾವ ಕಾರಿಗಾದರೂ ಇದ್ದದ್ದೇ. ಬೋಲ್ಟ್ ಹಾಕಿ ಕೂರಿಸುವ ಭಾಗಗಳು, ಅಂದರೆ ಬಂಪರ್, ಮುಂದಿನ ಫೆಂಡರ್, ಬಾನೆಟ್, ಬಾಗಿಲು, ಡಿಕ್ಕಿಯ ಮುಚ್ಚಳ ಬದಲಾಗಿದ್ದರೆ ಬೆಲೆ ಇಳಿಸಿ ಕೇಳಬಹುದು. ವೆಲ್ಡ್ ಆಗಿರುವ ಭಾಗಗಳಿಗೆ, ಅಂದರೆ ಪಿಲ್ಲರ್ (ಬಾಗಿಲ ಪಕ್ಕದ ಕಂಬ), ಏಪ್ರನ್ (ಮುಂದಿನ ಚಕ್ರದ ಮೇಲಿನ ಒಳತಗಡು), ಎಂಜಿನ್ ಕೂರುವ ಮುಂದಿನ ಚಾಸಿ ತೊಲೆಗಳು, ಛಾವಣಿ, ಡಿಕ್ಕಿಯ ತಳಕ್ಕೆ ಪೆಟ್ಟಾಗಿದ್ದರೆ ಮಾತೇ ಬೇರೆ. ಅಪಘಾತದ ಬಲವನ್ನು ಹೀರಿಕೊಂಡು ಒಳಗಿರುವವರನ್ನು ಉಳಿಸುವುದು ಈ ಭಾಗಗಳೇ. ಒಮ್ಮೆ ಮಡಚಿದ್ದನ್ನು ಕಾಯಿಸಿ, ಬಡಿದು ನೇರ ಮಾಡಿದರೆ ಆ ಉಕ್ಕಿನಲ್ಲಿ ಮೊದಲಿನ ಬಲ ಇರುವುದಿಲ್ಲ. ಅಂಥ ಕಾರು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ನೋಡುವುದು ಹೀಗೆ. ಕಾರಿನ ಮೂಲೆಯಲ್ಲಿ ಮಂಡಿಯೂರಿ, ಹೆಡ್‌ಲೈಟಿನ ಎತ್ತರಕ್ಕೆ ಕಣ್ಣು ತಂದು, ಬಾಡಿಯ ಉದ್ದಕ್ಕೂ ನೋಟ ಹಾಯಿಸಿ. ಎದುರಿನ ಗೋಡೆಯದೋ ಮರದ್ದೋ ಪ್ರತಿಬಿಂಬ ನೇರವಾಗಿ ಹರಿಯಬೇಕು. ಎಲ್ಲಾದರೂ ಅಲೆಯಂತೆ ಕದಲಿದರೆ ಅಲ್ಲಿ ಟಿಂಕರಿಂಗ್ ಆಗಿದೆ, ಪುಟ್ಟಿ ತುಂಬಿದ್ದಾರೆ. ಅಲ್ಲಿಗೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯಿರಿ. ದಪ್ಪ ಪುಟ್ಟಿಯ ಮೇಲೆ ಹಿಡಿತ ಸಡಿಲಾಗುತ್ತದೆ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಭಾಗಗಳಿಗೆ ಅಯಸ್ಕಾಂತ ಅಂಟುವುದೇ ಇಲ್ಲ, ಅದನ್ನು ಪುಟ್ಟಿ ಎಂದು ತಿಳಿಯಬೇಡಿ. ಪೇಂಟಿನ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 80ರಿಂದ 160 ಮೈಕ್ರಾನ್ ಇರುತ್ತದೆ. 200 ದಾಟಿದರೆ ಮರುಪೇಂಟ್ ಆಗಿರಬಹುದು, 500 ದಾಟಿದರೆ ಕೆಳಗೆ ಪುಟ್ಟಿ ಇದೆ.

ನಂತರ ಸಂದುಗಳು. ಬಾನೆಟ್ ಮತ್ತು ಫೆಂಡರ್ ನಡುವಿನ ಸಂದಿಗೆ ಕಿರುಬೆರಳ ಉಗುರು ಇಟ್ಟು ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಜಾರಿಸಿ. ಎರಡೂ ಕಡೆ ಒಂದೇ ಅಗಲ ಇರಬೇಕು. ಬಾನೆಟ್ ಎತ್ತಿ ಹಿಂಜ್‌ನ ಮತ್ತು ಫೆಂಡರ್‌ನ ಬೋಲ್ಟ್ ತಲೆಗಳನ್ನು ನೋಡಿ. ಮೂಲೆಗಳಲ್ಲಿ ಪೇಂಟ್ ಕಿತ್ತು ಲೋಹ ಕಂಡರೆ ಸ್ಪ್ಯಾನರ್ ಬಿದ್ದಿದೆ ಎಂದರ್ಥ.

ಇನ್ನು ಬಾಗಿಲು ತೆಗೆದು ಅಂಚಿನ ಕಪ್ಪು ರಬ್ಬರ್ ಬೀಡಿಂಗನ್ನು ಒಂದು ಗೇಣಿನಷ್ಟು ಎಳೆಯಿರಿ, ಕೈಯಲ್ಲೇ ಬರುತ್ತದೆ, ಒತ್ತಿದರೆ ಮತ್ತೆ ಕೂರುತ್ತದೆ. ಒಳಗಿನ ಅಂಚಿನಲ್ಲಿ ಕಿರುಬೆರಳ ತುದಿಯಷ್ಟಗಲದ ದುಂಡನೆಯ ಸ್ಪಾಟ್ ವೆಲ್ಡ್ ಗುಳಿಗಳು ಒಂದೇ ಅಂತರದಲ್ಲಿ ಸಾಲಾಗಿ ಇರಬೇಕು. ಗುಳಿ ಮಾಯವಾಗಿದ್ದರೆ, ಅಂಚು ಸೊಟ್ಟಗಿದ್ದರೆ, ಗ್ರೈಂಡರ್ ಆಡಿಸಿದ ಗೆರೆಗಳಿದ್ದರೆ ಪಿಲ್ಲರ್ ಕತ್ತರಿಸಿ ಕೂರಿಸಿದ್ದಾರೆ. ನಾಲ್ಕೂ ಬಾಗಿಲುಗಳಲ್ಲಿ ಇದನ್ನು ಮಾಡಿ. ಹತ್ತು ನಿಮಿಷದ ಕೆಲಸ, ದೊಡ್ಡ ಪೆಟ್ಟನ್ನು ಮುಚ್ಚಿಡಲು ಅತಿ ಕಷ್ಟವಾದ ಜಾಗ ಇದು.

ಡಿಕ್ಕಿಯ ಚಾಪೆ ಎತ್ತಿ, ಸ್ಟೆಪ್ನಿ ತೆಗೆದು ಗುಂಡಿ ನೋಡಿ. ಹಿಂದಿನಿಂದ ಗುದ್ದಿದ ಕಾರಿನಲ್ಲಿ ತಗಡು ಸುಕ್ಕುಗಟ್ಟಿರುತ್ತದೆ. ಮುಂದೆ ರೇಡಿಯೇಟರ್ ಹಿಡಿಯುವ ಚೌಕಟ್ಟಿನ ಮೇಲೆ ಕಂಪನಿ ಅಂಟಿಸಿದ ಸ್ಟಿಕ್ಕರ್‌ಗಳು ಇವೆಯೇ ನೋಡಿ. ಚೌಕಟ್ಟು ಬದಲಿಸಿದವರು ಸ್ಟಿಕ್ಕರ್ ತಂದು ಅಂಟಿಸುವುದು ಅಪರೂಪ.

ಗಾಜು ಬಲು ಪ್ರಾಮಾಣಿಕ ಸಾಕ್ಷಿ. ಪ್ರತಿ ಗಾಜಿನ ಮೂಲೆಯಲ್ಲೂ ತಯಾರಕರ ಗುರುತಿನ ಜೊತೆ ವರ್ಷದ ಸೂಚನೆ ಇರುತ್ತದೆ. ಎಲ್ಲ ಗಾಜುಗಳೂ ಒಂದೇ ಹೆಸರಿನವು, ಕಾರಿನ ವರ್ಷಕ್ಕೆ ಹೊಂದುವಂಥವು ಆಗಿರಬೇಕು. ಮುಂದಿನ ಗಾಜು ಮಾತ್ರ ಬೇರೆಯಾಗಿದ್ದರೆ ಕಲ್ಲು ತಾಗಿ ಬದಲಿಸಿರಬಹುದು. ಬಾಗಿಲ ಗಾಜು ಬೇರೆಯಾಗಿದ್ದು, ಅದೇ ಬದಿಯ ಪೇಂಟೂ ದಪ್ಪಗಿದ್ದರೆ ಆ ಬದಿಗೆ ಪೆಟ್ಟಾಗಿದೆ.

ನೀರಿನಲ್ಲಿ ಮುಳುಗಿದ ಕಾರು

ಅಪಘಾತದ ಕಾರಿಗಿಂತ ಇದು ಕೆಟ್ಟದ್ದು. ಮುರಿದದ್ದನ್ನು ಕಣ್ಣಾರೆ ನೋಡಬಹುದು, ವೈರಿಂಗ್ ಜೋಡಣೆಯೊಳಗೆ ಹಿಡಿಯುವ ತುಕ್ಕು ತಿಂಗಳುಗಳ ನಂತರ ಒಂದೊಂದಾಗಿ ತೊಂದರೆ ಕೊಡುತ್ತದೆ. ಇವತ್ತು ಪವರ್ ವಿಂಡೋ, ನಾಳೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಆಮೇಲೆ ಏರ್‌ಬ್ಯಾಗ್.

ಮುಂದಿನ ಸೀಟ್ ಬೆಲ್ಟನ್ನು ನಿಧಾನವಾಗಿ, ಇನ್ನು ಬರುವುದಿಲ್ಲ ಎನ್ನುವ ತನಕ ಎಳೆಯಿರಿ. ದಿನನಿತ್ಯ ಹಾಕುವಾಗ ಹೊರಗೆ ಬರುವ ಭಾಗವನ್ನು ಶಾಂಪೂ ಹಾಕಿ ತೊಳೆದಿರುತ್ತಾರೆ. ಸುರುಳಿಯೊಳಗೇ ಉಳಿಯುವ ಕೊನೆಯ ಭಾಗದಲ್ಲಿ ಕೆಸರಿನ ಕಂದು ಗೆರೆ, ಬೂಷ್ಟಿನ ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ನೀರು ಸೀಟಿನ ಮಟ್ಟಕ್ಕೆ ಬಂದಿತ್ತು ಎಂದೇ ಲೆಕ್ಕ. ಬೆಲ್ಟಿನ ಬುಡದಲ್ಲಿ ತಯಾರಿಕೆಯ ದಿನಾಂಕದ ಚೀಟಿ ಸಾಮಾನ್ಯವಾಗಿ ಇರುತ್ತದೆ. ಅದು ಕಾರಿಗಿಂತ ಹೊಸದಾಗಿದ್ದರೆ ಬೆಲ್ಟ್ ಬದಲಾಗಿದೆ. ಅಪಘಾತದಲ್ಲಿ ಬೆಲ್ಟನ್ನು ತಟ್ಟನೆ ಬಿಗಿಯುವ ಪ್ರಿಟೆನ್ಷನರ್ ಸಿಡಿದಾಗಲೂ ಹೀಗೆ ಬದಲಿಸುತ್ತಾರೆ.

ಆಮೇಲೆ ಸೀಟಿನಡಿಯ ಹಳಿ, ಸ್ಪ್ರಿಂಗು, ಡ್ಯಾಶ್‌ಬೋರ್ಡಿನ ಕೆಳಗಿನ ಸ್ಕ್ರೂ ತಲೆಗಳಲ್ಲಿ ತುಕ್ಕು ಹುಡುಕಿ. ಕಾರ್ಪೆಟ್ಟಿನ ಕೆಳಗಿನ ಫೋಮ್ ಒತ್ತಿ ನೋಡಿ, ಅದು ಒಣಗಲು ವಾರಗಟ್ಟಲೆ ಬೇಕು. ಫ್ಯೂಸ್ ಡಬ್ಬಿಯಲ್ಲಿ ಕೆಸರಿನ ಪುಡಿ, ವೈರ್ ಕನೆಕ್ಟರ್‌ನಲ್ಲಿ ಹಸಿರು ಕಿಲುಬು, ಹೆಡ್‌ಲೈಟಿನ ಒಳಗೆ ಅಡ್ಡಗೆರೆ, ಇಂಥವು ಎರಡು ಕಂಡರೆ ಸಾಕು. ಕಾರಿನೊಳಗೆ ಸುಗಂಧ ಮೂಗಿಗೆ ಹೊಡೆಯುವಷ್ಟಿದ್ದರೆ ಕಿಟಕಿಗಳನ್ನೆಲ್ಲ ಹಾಕಿ, ಎಸಿಯನ್ನು ಒಳಗಿನ ಗಾಳಿಯೇ ಸುತ್ತುವ ಮೋಡ್‌ಗೆ ಹಾಕಿ ಐದು ನಿಮಿಷ ಕುಳಿತುಕೊಳ್ಳಿ. ಅಡಿಯ ವಾಸನೆ ಮೇಲೆ ಬರುತ್ತದೆ.

ಎಂಜಿನ್, ಸ್ಟಾರ್ಟ್ ಮಾಡುವ ಮುನ್ನ

ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ಟಿಶ್ಯೂ ಮೇಲೆ ಒಂದು ಹನಿ ಬಿಡಿ. ಡೀಸೆಲ್ ಎಂಜಿನ್ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ, ಅದು ದೋಷವಲ್ಲ. ಆಯಿಲ್ ಕನಿಷ್ಠ ಗೆರೆಗಿಂತ ಕೆಳಗಿದ್ದರೆ ಮಾತ್ರ ಯೋಚಿಸಿ. ಸೋರುತ್ತಿರಬೇಕು, ಇಲ್ಲವೇ ಎಂಜಿನ್ ಕುಡಿಯುತ್ತಿರಬೇಕು. ಎರಡಕ್ಕಿಂತ ಹೆಚ್ಚಾಗಿ, ಆಯಿಲ್ ನೋಡದೆ ಓಡಿಸುವ ಮಾಲೀಕರ ಕಾರು ಅದು. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆಸಿದಂಥ ತಿಳಿಕಂದು ಪಸೆ ಇದ್ದರೆ ಆಯಿಲಿಗೆ ನೀರು ಸೇರಿದೆ. ಚಳಿ ಹವೆಯಲ್ಲಿ ಬರೀ ಸಣ್ಣ ದೂರ ಓಡುವ ಕಾರಿನಲ್ಲೂ ಮುಚ್ಚಳದಲ್ಲಿ ಸ್ವಲ್ಪ ಹೀಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಪಸೆ ಇದ್ದರೆ ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು.

ಎಂಜಿನ್ ತಣ್ಣಗಿರುವಾಗಲೇ ಕೂಲಂಟ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ಮುಟ್ಟಲೇಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕೂಲಂಟಿಗೆ ಹಸಿರೋ ಕೆಂಪೋ ನೀಲಿಯೋ ಒಂದು ಸ್ಪಷ್ಟ ಬಣ್ಣ ಇರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಬರೀ ನೀರು ಹಾಕಿ ಓಡಿಸಿದ್ದಾರೆ, ರೇಡಿಯೇಟರ್ ಒಳಗಿಂದ ಕಟ್ಟಿಕೊಂಡಿರಬಹುದು. ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ಆಯಿಲ್ ಅದರಲ್ಲಿ ಸೇರಿದೆ, ಅಂಥ ಕಾರು ಬೇಡ.

ಮಲ್ಟಿಮೀಟರಿನಲ್ಲಿ ಬ್ಯಾಟರಿ 12.4ರಿಂದ 12.7 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.7ರ ನಡುವೆ ಬಂದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರ್ ಚಾರ್ಜಿಂಗನ್ನು ಏರಿಸಿ ಇಳಿಸುತ್ತದೆ, ಅವುಗಳಲ್ಲಿ ಹೆಡ್‌ಲೈಟ್ ಹಾಕಿ ಅಳೆಯಿರಿ.

ಸ್ಟಾರ್ಟ್ ಮಾಡಿದ ಮೇಲೆ

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಎರಡು ಕ್ಷಣ ನಿಲ್ಲಿ. ಚೆಕ್ ಎಂಜಿನ್, ಆಯಿಲ್, ಎಬಿಎಸ್, ಏರ್‌ಬ್ಯಾಗ್ ದೀಪಗಳೆಲ್ಲ ಹತ್ತಬೇಕು. ಹತ್ತದ ದೀಪ ಹತ್ತಿಯೇ ಇರುವ ದೀಪಕ್ಕಿಂತ ಅಪಾಯಕಾರಿ. ಬಲ್ಬ್ ತೆಗೆದಿರುತ್ತಾರೆ, ಇಲ್ಲವೇ ಬೇರೆ ದೀಪದ ವೈರಿಗೆ ಸೇರಿಸಿರುತ್ತಾರೆ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ತಾನಾಗಿ ಆರಬೇಕು. ಆಯಿಲ್ ದೀಪದ ಜೊತೆಗೇ, ಅದೇ ಕ್ಷಣ ಆರಿದರೆ ಅನುಮಾನಿಸಿ.

ಸ್ಟಾರ್ಟ್ ಇನ್ನೊಬ್ಬರು ಮಾಡಲಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ರಾತ್ರಿ ನಿಂತ ಕಾರು ಸ್ಟಾರ್ಟ್ ಆದಾಗ ಒಮ್ಮೆ ನೀಲಿ ಹೊಗೆ ಬಿಟ್ಟು ನಿಂತರೆ ವಾಲ್ವ್ ಸೀಲ್ ಸವೆದಿದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಬಂದರೆ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚದೆ ಗತಿಯಿಲ್ಲ. ಟರ್ಬೊ ಇರುವ ಕಾರಿನಲ್ಲಿ ಟರ್ಬೊ ಸೀಲ್ ಹೋದರೂ ನೀಲಿ ಹೊಗೆ ಬರುತ್ತದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಸಿಹಿ ವಾಸನೆಯೊಂದಿಗೆ ಬಂದರೆ ಕೂಲಂಟ್ ಉರಿಯುತ್ತಿದೆ. ಚಳಿಯಲ್ಲಿ ಒಂದೆರಡು ನಿಮಿಷ ಬರುವ ತೆಳು ಆವಿಗೆ ಹೆದರಬೇಕಿಲ್ಲ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್‌ನಿಂದ ಇಂಜೆಕ್ಟರ್‌ವರೆಗೆ ಕಾರಣ ಯಾವುದೂ ಇರಬಹುದು.

ಈಗ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ, ಆಯಿಲ್ ಮುಚ್ಚಳ ಸಡಿಲಿಸಿ, ತಲೆಕೆಳಗಾಗಿ ಅದೇ ಬಾಯಿಯ ಮೇಲಿಡಿ. ಮುಚ್ಚಳ ಸ್ವಲ್ಪ ನಡುಗಿದರೆ ಪರವಾಗಿಲ್ಲ. ಎಗರಿ ಬಿದ್ದರೆ, ದಟ್ಟ ಹೊಗೆ ಬುಸುಬುಸು ಎಂದು ಬಂದರೆ ರಿಂಗ್ ದಾಟಿ ಗ್ಯಾಸ್ ಕೆಳಗಿಳಿಯುತ್ತಿದೆ. ಮುಚ್ಚಳ ತೆಗೆದ ಕೂಡಲೇ ಐಡಲ್ ಏರುಪೇರಾಗುವುದು ಹಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ಸಹಜ. ಒಳಗಿನ ವ್ಯಾಕ್ಯೂಮ್ ತಪ್ಪಿದ್ದರಿಂದ ಹಾಗಾಗುತ್ತದೆ.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಕೊನೆಯ ಸಲ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಹೆಚ್ಚಿನ ಕಾರುಗಳಿಗೆ 60,000ದಿಂದ 1,00,000 ಕಿ.ಮೀ.ಗೆ ಒಮ್ಮೆ ಬದಲಿಸಬೇಕು, ಸರಿಯಾದ ಅಂಕಿ ಆ ಕಾರಿನ ಕೈಪಿಡಿಯಲ್ಲಿರುತ್ತದೆ. ಬೆಲ್ಟ್ ತುಂಡಾದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತದೆ. ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ಹಿಡಿದು, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕಿಲೋಮೀಟರ್ ನಿಜವೇ

ಡಿಜಿಟಲ್ ಓಡೋಮೀಟರ್ ತಿರುಗಿಸಲು ಕೆಲವೇ ನಿಮಿಷ ಸಾಕು. ಆದ್ದರಿಂದ ಆ ಅಂಕಿಯನ್ನು ಕೇಳಿಸಿಕೊಳ್ಳಿ, ನಂಬುವುದು ಮಾತ್ರ ಉಳಿದದ್ದನ್ನೆಲ್ಲ ನೋಡಿದ ಮೇಲೆ. ಸರ್ವಿಸ್ ಪುಸ್ತಕದಲ್ಲಿ ದಿನಾಂಕದ ಎದುರು ಬರೆದ ಕಿ.ಮೀ. ಕ್ರಮವಾಗಿ ಏರುತ್ತಾ ಬಂದಿದೆಯೇ? ಬ್ರೇಕ್ ಪೆಡಲ್‌ನ ರಬ್ಬರ್ ಬೋಳಾಗಿದೆಯೇ, ಸ್ಟೇರಿಂಗ್‌ನ ಮೇಲ್ಭಾಗ ಹೊಳಪೇರಿದೆಯೇ, ಚಾಲಕನ ಸೀಟಿನ ಹೊರ ಅಂಚು ಕುಗ್ಗಿದೆಯೇ? 25,000 ಕಿ.ಮೀ. ಎಂದು ತೋರಿಸುವ ಕಾರಿಗೆ ಇವು ಆಗುವುದಿಲ್ಲ. ಹಳೆಯ ಕಾರಿನಲ್ಲಿ ಪೆಡಲ್ ರಬ್ಬರ್ ಹೊಚ್ಚ ಹೊಸದಾಗಿದ್ದರೂ ಕೇಳಬೇಕಾದ ಪ್ರಶ್ನೆಯೇ.

ಟೈರಿನ ಬದಿಯಲ್ಲಿ ಡಿಓಟಿ ಗುರುತಿನ ಕೊನೆಗೆ ನಾಲ್ಕು ಅಂಕೆ ಇರುತ್ತವೆ. 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಕಾರಿನಲ್ಲಿ ಹೊಸದಾಗಿ ಕೊಂಡಾಗ ಬಂದ ಟೈರ್‌ಗಳೇ ಇರಬೇಕು. ನಾಲ್ಕೂ ಬದಲಾಗಿ ಸ್ಟೆಪ್ನಿ ಮಾತ್ರ ಕಾರಿನ ವರ್ಷದ್ದೇ ಆಗಿದ್ದರೆ ಕಾರು ಒಂದು ಸೆಟ್ ಟೈರ್ ಸವೆಸಿದೆ. ಮೀಟರ್ ಅದಕ್ಕೆ ಹೊಂದುತ್ತದೆಯೇ ನೋಡಿ.

ಎಂಜಿನ್ ಓಡಿದ ಒಟ್ಟು ಗಂಟೆ ತೋರಿಸುವ ಕಾರಾದರೆ ಸಣ್ಣ ಭಾಗಾಕಾರ ಮಾಡಿ. 30,000 ಕಿ.ಮೀ., 3,000 ಗಂಟೆ ಎಂದರೆ ಸರಾಸರಿ ವೇಗ ಗಂಟೆಗೆ ಬರೀ 10 ಕಿ.ಮೀ. ದಟ್ಟ ಟ್ರಾಫಿಕ್ಕಿನ ಕಾರಿಗೂ ಇದು ತೀರಾ ಕಡಿಮೆ. ಒಂದೋ ಮೀಟರ್ ತಿರುಗಿದೆ, ಇಲ್ಲವೇ ಎಂಜಿನ್ ನಿಂತಲ್ಲೇ ಬಹಳ ಉರಿದಿದೆ.

ಓಬಿಡಿ ರೀಡರನ್ನು ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಚುಚ್ಚಿ. ದೋಷದ ಕೋಡ್ ಇಲ್ಲದಿರುವುದೇ ಶುಭಸೂಚನೆ ಎಂದುಕೊಳ್ಳಬೇಡಿ. ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಎಂಬ ಲೆಕ್ಕವನ್ನೂ, ರೆಡಿನೆಸ್ ಮಾನಿಟರ್‌ಗಳನ್ನೂ (ಕಾರಿನ ಕಂಪ್ಯೂಟರ್ ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಎಂಬ ಸೂಚನೆ) ನೋಡಿ. ಹಿಂದಿನ ಸಂಜೆ ಅಳಿಸಿದ್ದರೆ ದೂರ ಹತ್ತಿಪ್ಪತ್ತು ಕಿ.ಮೀ. ಇರುತ್ತದೆ, ಮಾನಿಟರ್‌ಗಳು ಅಪೂರ್ಣ ಎಂದು ತೋರಿಸುತ್ತವೆ. ಗೇರ್‌ಬಾಕ್ಸ್ ಮತ್ತು ಎಬಿಎಸ್ ಕಂಪ್ಯೂಟರ್‌ಗಳು ಕೆಲವು ಕಾರುಗಳಲ್ಲಿ ತಮ್ಮದೇ ಕಿ.ಮೀ. ಲೆಕ್ಕ ಇಟ್ಟಿರುತ್ತವೆ. ಅದನ್ನು ಓದಲು ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಬೇಕು.

ಟೈರ್ ಮತ್ತು ಕೆಳಭಾಗ

ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಅಥವಾ ಸಸ್ಪೆನ್ಷನ್ ಬಾಗಿದೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗಾಗಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಹೂವಿನ, ಅಂದರೆ ನೆಲಕ್ಕೆ ತಾಗುವ ಮೈಯ ಅಚ್ಚಿನ ಆಳ 1.6 ಮಿ.ಮೀ.ಗೆ ಇಳಿದರೆ ಟೈರ್ ಮುಗಿಯಿತು. ಚಾಪೆ ಹಾಸಿ ಕೆಳಗೆ ನೋಡುವಾಗ ಶಾಕ್‌ನ ಮೈಮೇಲೆ ಎಣ್ಣೆ ಜಿನುಗಿದೆಯೇ, ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ ಹರಿದು ಗ್ರೀಸ್ ಎರಚಿದೆಯೇ, ಬುಷ್‌ಗಳು ಬಿರುಕು ಬಿಟ್ಟಿವೆಯೇ ನೋಡಿ. ತಳಕ್ಕೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಏನನ್ನು ಮುಚ್ಚಿದ್ದಾರೆ ಎಂದು ಸ್ಕ್ರೂಡ್ರೈವರ್ ಹಿಡಿಯಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ತಗಡಿನ ಸದ್ದಿಗೂ ತುಕ್ಕು ತಿಂದದ್ದರ ಮೊದ್ದು ಸದ್ದಿಗೂ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಓಡಿಸಿ ನೋಡುವುದು

ಕನಿಷ್ಠ ಅರ್ಧ ಗಂಟೆ, ರೇಡಿಯೊ ಆರಿಸಿ, ನೀವೇ ಓಡಿಸಿ. ಮೊದಲು ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಎಡಕ್ಕೊಂದು, ಬಲಕ್ಕೊಂದು ಸುತ್ತು ಹಾಕಿ. ಟಕಟಕ ಸದ್ದು ಬಂದರೆ ಚಕ್ರಕ್ಕೆ ಎಂಜಿನ್ ಬಲ ಮುಟ್ಟಿಸುವ ಡ್ರೈವ್ ಶಾಫ್ಟ್‌ನ ಹೊರಗಿನ ಕೀಲು, ಅಂದರೆ ಸಿವಿ ಜಾಯಿಂಟ್ ಹೋಗಿದೆ.

ಕ್ಲಚ್ ಪರೀಕ್ಷೆಗೆ 4ನೇ ಗೇರಿನಲ್ಲಿ 40-50 ಕಿ.ಮೀ. ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಸರ್ರನೆ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಗೇರ್‌ಬಾಕ್ಸ್ ತಣ್ಣಗಿರುವಾಗ 2ನೇ ಗೇರಿಗೆ ಹಾಕುವಾಗ ಗರ್ ಎಂದರೆ ಗೇರುಗಳನ್ನು ಸಲೀಸಾಗಿ ಕೂಡಿಸುವ ಸಿಂಕ್ರೊ ಸವೆದಿದೆ. ಆಟೊಮ್ಯಾಟಿಕ್‌ನಲ್ಲಿ ಬ್ರೇಕ್ ಒತ್ತಿ ಡಿ ಮತ್ತು ಆರ್‌ಗೆ ಹಾಕಿ. ಗೇರ್ ಹಿಡಿಯಲು ಎರಡು ಸೆಕೆಂಡಿಗಿಂತ ಹೆಚ್ಚಾದರೆ, ಧಡ್ ಎಂದು ಜಗ್ಗಿದರೆ ಬೇಡ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ರಿಪೇರಿ ಖರ್ಚು ಹಳೆಯ ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗಬಹುದು.

60-70ರ ವೇಗದಲ್ಲಿ ಗುಂಯ್ ಎನ್ನುವ ಸದ್ದು ಕೇಳಿದರೆ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಸರಿಸಿ. ಎಡಕ್ಕೆ ತಿರುಗಿಸಿದಾಗ ಭಾರ ಬಲಕ್ಕೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ವೀಲ್ ಬೇರಿಂಗ್ ಹೋಗಿದೆ. ಸದ್ದು ಬದಲಾಗದಿದ್ದರೆ ಹೆಚ್ಚಾಗಿ ಟೈರಿನದು. ಹಿಂದೆ ಯಾರೂ ಇಲ್ಲದಾಗ ಬ್ರೇಕ್ ಹದವಾಗಿ ಒತ್ತಿ. ಪೆಡಲ್ ಮಿಡಿದರೆ ಡಿಸ್ಕ್ ಏರುಪೇರಾಗಿದೆ, ಕಾರು ಒಂದು ಬದಿಗೆ ಎಳೆದರೆ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಅಂಟಿರಬಹುದು. ಡ್ರೈವ್ ಮುಗಿಸಿ ಇಳಿದಾಗ ಪ್ರತಿ ಚಕ್ರದ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದೇ ಚಕ್ರ ಉಳಿದವಕ್ಕಿಂತ ಸುಡುತ್ತಿದ್ದರೆ ಕ್ಯಾಲಿಪರ್ ಅಂಟಿರುವುದು ಖಾತ್ರಿಯಾಯಿತು.

ಓಡಿಸುವಾಗಲೇ ಎಸಿ, ಎಲ್ಲ ಕಿಟಕಿ, ವೈಪರ್, ಲಾಕ್, ಹಾರ್ನ್, ಕನ್ನಡಿ, ಪಾರ್ಕಿಂಗ್ ಸೆನ್ಸರ್ ಒತ್ತಿ ನೋಡಿ. ವಾಪಸ್ ಬಂದ ಮೇಲೆ ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ. ತಾಪದ ಮುಳ್ಳು ಅಲುಗಬಾರದು, ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ನಿಲ್ಲಬೇಕು. ಕೊನೆಗೆ ಬಿಸಿ ಎಂಜಿನನ್ನು ಆರಿಸಿ ಮತ್ತೆ ಸ್ಟಾರ್ಟ್ ಮಾಡಿ.

ವಿದ್ಯುತ್ ಕಾರಾದರೆ ಮೇಲಿನ ಬಾಡಿ, ನೀರು, ಸಸ್ಪೆನ್ಷನ್ ಪರೀಕ್ಷೆಗಳು ಹಾಗೆಯೇ ಉಳಿಯುತ್ತವೆ. ಎಂಜಿನ್ ಜಾಗದಲ್ಲಿ ನೋಡಬೇಕಾದದ್ದು ಬ್ಯಾಟರಿಯ ಉಳಿದ ಸಾಮರ್ಥ್ಯ. ಅದರ ಲಿಖಿತ ವರದಿಯನ್ನು ಕಂಪನಿ ಸರ್ವಿಸ್ ಸೆಂಟರಿನಿಂದ ಪಡೆಯಿರಿ. ಹಲವು ತಯಾರಕರು 8 ವರ್ಷ ಅಥವಾ 1,60,000 ಕಿ.ಮೀ. ಬ್ಯಾಟರಿ ವಾರಂಟಿ ಕೊಡುತ್ತಾರೆ. ಅದು ಎರಡನೇ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂದು ಕೇಳಿ. ಸಾಮಾನ್ಯ ಚಾರ್ಜರ್, ಫಾಸ್ಟ್ ಚಾರ್ಜರ್ ಎರಡಕ್ಕೂ ಚುಚ್ಚಿ ನೋಡಿ.

ಕಾಗದಪತ್ರ ಮತ್ತು ಹಣ

ನೋಂದಣಿ ಪತ್ರದಲ್ಲಿರುವ ಹೆಸರೂ ಮಾರುವವರ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು. ಕಾರಿನ ಮೇಲೆ ಸಾಲ ಇದ್ದರೆ ತೀರಿದ ಪತ್ರ ಸಾಲ ಕೊಟ್ಟ ಸಂಸ್ಥೆಯಿಂದಲೇ ಬರಬೇಕು, ಪತ್ರ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ವಿಮೆಯಲ್ಲಿ ಎಷ್ಟು ಕ್ಲೇಮ್ ಆಗಿದೆ ಎಂದು ವಿಮಾ ಕಂಪನಿಯಲ್ಲಿ ವಿಚಾರಿಸಿ, ಬಾಡಿಯಲ್ಲಿ ಕಂಡ ಗುರುತುಗಳ ಜೊತೆ ತಾಳೆ ಹಾಕಿ. ತಯಾರಕರ ಜಾಲತಾಣದಲ್ಲಿ ಚಾಸಿ ನಂಬರ್ ಹಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು) ಬಾಕಿ ಇದೆಯೇ ನೋಡಿ, ಇದ್ದರೆ ಆ ರಿಪೇರಿ ಸಾಮಾನ್ಯವಾಗಿ ಉಚಿತ. ಎರಡೂ ಕೀಗಳನ್ನು ಕೇಳಿ ಪಡೆಯಿರಿ, ಎರಡರಲ್ಲೂ ಸ್ಟಾರ್ಟ್ ಮಾಡಿ ನೋಡಿ. ಮಾರಾಟದ ಕರಾರಿನಲ್ಲಿ ಚಾಸಿ ನಂಬರ್, ಅಂದಿನ ಓಡೋಮೀಟರ್ ಅಂಕಿ, ಕಾರು ಕೈಸೇರಿದ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ.

ಎಲ್ಲ ಸರಿಯಿದೆ ಅನ್ನಿಸಿದರೂ ಮುಂಗಡ ಕೊಡುವ ಮುನ್ನ ನಿಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ ತೋರಿಸಿ. ಮಾರುವವರು ಸೂಚಿಸಿದ ಗ್ಯಾರೇಜ್ ಬೇಡ. ಕಾರು ನಿಮ್ಮದಾದ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿ, ಆ ದಿನದ ಕಿ.ಮೀ.ಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.